ಊದುಯಂತ್ರಕ್ಕೆ ಬಡಿದ ಅರಿಷ್ಟ

ನಾನು ಒಂದು ಉಸಿರು ಅಳೆಯುವ ಯಂತ್ರ. ಪೊಲೀಸರ ಬಾಯಲ್ಲಿ ‘ಊದೂ ಮಷೀನು’. ಕಾರ್ಖಾನೆಯಲ್ಲಿ ನನ್ನ ಹೊಟ್ಟೆಯೊಳಗೆ ಒಂದು ಸೂಕ್ಷ್ಮ ಮೂಗು ಕೂರಿಸಿ, ಸರಿಯಾದ ಅಂಕಿ ಹೇಳಿದ ಮೇಲೆಯೇ ಹೊರಗೆ ಬಿಟ್ಟರು. ಜೊತೆಗೊಂದು ಕೈಪಿಡಿಯನ್ನೂ ಇಟ್ಟಿದ್ದರು: ಪ್ರತಿಯೊಬ್ಬರಿಗೂ ಹೊಸ ಕೊಳವೆ ಹಾಕಬೇಕು, ಆಗಷ್ಟೇ ಬಾಯಿಗೆ ಏನಾದರೂ ಹಾಕಿಕೊಂಡವರನ್ನು ಬಾಯಿ ಮುಕ್ಕಳಿಸಿ, ಕಾಲು ಗಂಟೆ ಕೂರಿಸಿ ಊದಿಸಬೇಕು. ಆ ಕೈಪಿಡಿ ಮೊದಲ ವಾರವೇ ಮಿರ್ಚಿ ಭಜಿ ಕಟ್ಟಲು ಹೋಯಿತು.

ಮೊದಲ ನೌಕರಿ ದೊಡ್ಡ ನಗರದಲ್ಲಿ. ಅಲ್ಲಿ ನನ್ನ ಮುಂದೆ ನಿಂತವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ನಾನ್ಯಾರು ಗೊತ್ತಾ? ಕೇಳಿ ಕೇಳಿ ತಲೆ ಚಿಟ್ಟು ಹಿಡಿಯಿತು. ಒಬ್ಬನಂತೂ ಮೊಬೈಲಿನಲ್ಲಿ ಏನೋ ನೋಡಿಕೊಂಡು ಬಂದು, ಊದದೆ ಇರುವುದು ತನ್ನ ಹಕ್ಕು ಎಂದು ರಸ್ತೆ ನಡುವೆ ಭಾಷಣ ಬಿಗಿದ. ಅವನನ್ನು ಸೀದಾ ಆಸ್ಪತ್ರೆಗೆ ಒಯ್ದು ರಕ್ತ ತೆಗೆಸಿದರು. ಅಲ್ಪ ವಿದ್ಯಾ ಮಹಾಗರ್ವಿ ಎನ್ನುವುದು ಸುಳ್ಳಲ್ಲ.

ನಗರಕ್ಕೆ ಹೊಸ ಯಂತ್ರಗಳು ಬಂದಾಗ ನನ್ನನ್ನು ಬಾಗಲಕೋಟೆ ಕಡೆಯ ಒಂದು ಪಟ್ಟಣಕ್ಕೆ ದಾಟಿಸಿದರು. ಅಲ್ಲಿ ನನ್ನ ಯಜಮಾನ ಎಎಸ್ಐ ಹಂಚಿನಾಳ. ಕೆಟ್ಟ ಮನುಷ್ಯನಲ್ಲ, ಆದರೆ ಕೊಳವೆ ಬದಲಿಸಲು ಮಹಾ ಜಿಪುಣ. ಹೊಸ ಕೊಳವೆಗಳ ಪೊಟ್ಟಣ ಅವನ ಕಿಸೆಯಲ್ಲೇ ಮೊಟ್ಟೆಯಿಡುತ್ತಿತ್ತು. ನಾನು ಮಾತ್ರ ಊರವರ ಎಂಜಲೆಲ್ಲ ಉಣ್ಣುತ್ತಿದ್ದೆ.

ಮದುವೆಯ ದಿನಗಳು. ಬೈಪಾಸಿನಲ್ಲಿ ಬೆಳಿಗ್ಗೆಯೇ ತಪಾಸಣೆ. ಒಬ್ಬ ಕುಡುಕ ಊದಿ ಹೋದ ಬೆನ್ನಿಗೇ ಸ್ಕೂಟರ್ ಮೇಲೆ ಬಂದವನು ಸನಾದಿಯ ಯಮನಪ್ಪ ಭಜಂತ್ರಿ. ಕೊರಳಲ್ಲಿ ಹೆಂಡ ಮುಟ್ಟೆನೆಂದು ಹಾಕಿಕೊಂಡ ತುಳಸಿಮಾಲೆ, ಬೆನ್ನಿಗೆ ಸನಾದಿಯ ಚೀಲ. ಅವನು ಹೊರಟಿದ್ದ ಮದುವೆಮನೆಯಲ್ಲಿ ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಮೂರು ತಲೆಮಾರಿನಿಂದ ಅವನ ಮನೆತನದ್ದೇ ಸನಾದಿ. ಕೆಮ್ಮು ಕಾಡಬಾರದೆಂದು ಆಗಷ್ಟೇ ದ್ರಾಕ್ಷಿ ಹುದುಗಿಸಿ ಮಾಡಿದ ದ್ರಾಕ್ಷಾರಿಷ್ಟವನ್ನು ಎರಡು ಮುಚ್ಚಳ ಏರಿಸಿ ಬಂದಿದ್ದ. ಔಷಧದ ಹೆಸರಿನಲ್ಲೇ ಅರಿಷ್ಟ ಇರುವಾಗ ಬೇರೆ ಅರಿಷ್ಟ ಹುಡುಕಿಕೊಂಡು ಹೋಗಬೇಕೇ?

ಹಂಚಿನಾಳ ಕುಡುಕನ ಕೊಳವೆಯನ್ನೇ ಮುಂದೆ ಹಿಡಿದು, ಊದ್ರಿ ಅಂದ. ‘ಊದು’ ಎಂದರೆ ಯಮನಪ್ಪನಿಗೆ ಒಂದೇ ಅರ್ಥ. ಸನಾದಿಯವರ ಪದ್ಧತಿಯಂತೆ ಗಲ್ಲ ಉಬ್ಬಿಸಿ, ಬಾಯಲ್ಲಿ ತುಂಬಿಕೊಂಡ ಗಾಳಿಯನ್ನು ಒಳಕ್ಕೆ ತಳ್ಳಿದ. ಬಾಯಿ ತುಂಬ ಅರಿಷ್ಟದ ಆವಿ. ನನಗೆ ಬೇಕಾದದ್ದು ಎದೆಯಾಳದ ಉಸಿರು, ಸಿಕ್ಕಿದ್ದು ಗಲ್ಲದ ಗಾಳಿ. ಮೂವತ್ತು ದಾಟಿದರೆ ಕೇಸು, ನಾನು ತೊಂಬತ್ತು ಅಂದೆ. ಕೊಟ್ಟದ್ದನ್ನು ಅಳೆಯುವುದಷ್ಟೇ ನನಗೆ ಗೊತ್ತು. ಆದರೂ ಆ ಅಂಕಿ ಹೇಳುವಾಗ ನನಗೇ ನಾಚಿಕೆಯಾಯಿತು.

“ಮಾಲಿ ಹಾಕ್ಕೊಂಡು ಇದೇನ್ರೀ ಯಮನಪ್ಪ?” ಅಂದ ಹಂಚಿನಾಳ.

ಯಮನಪ್ಪ ಅರಿಷ್ಟದ ಕಥೆ ಹೇಳಿದರೆ, ಸಿಕ್ಕಿಬಿದ್ದವರೆಲ್ಲ ಕೆಮ್ಮಿನ ಔಷಧಿಯನ್ನೇ ಕುಡಿದಿರುತ್ತಾರೆ, ಅದನ್ನೆಲ್ಲ ಕೋರ್ಟಿನಲ್ಲಿ ಹೇಳಿ ಎಂದು ಹಂಚಿನಾಳ ಸ್ಕೂಟರಿನ ಕೀಲಿ ಕಿತ್ತುಕೊಂಡ. ಕುಡುಕ ಎನಿಸಿಕೊಂಡ ಕೊರಳಲ್ಲಿ ಮಾಲೆ ಇರಬಾರದೆಂದು ಯಮನಪ್ಪ ತಾನೇ ಅದನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡ.

ಆಮೇಲೆ ಶುರುವಾಯಿತು ಅವನ ಫೋನು. ವಾರ್ಡಿನ ಮೆಂಬರಿಗೆ, ಮೆಂಬರನ ಭಾವನಿಗೆ, ಪಕ್ಷದವರಿಗೆ. ಎಲ್ಲರೂ ಅದೇ ಮದುವೆಯ ಗದ್ದಲದಲ್ಲಿದ್ದರು, ಒಬ್ಬರೂ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಯ್ಯಾ, ಅವರಿವರನ್ನು ಯಾಕೆ ಕೇಳುತ್ತೀ, ಎದುರಿಗೇ ನಿಂತವನನ್ನು ಕೇಳು! ಆದರೆ ನನ್ನ ಬಾಯಿಗೆ ಬರುವುದು ಬರೀ ಅಂಕಿ. ಬಿಸಿಲು ನೆತ್ತಿಗೇರಿತು, ಅವನ ಬಾಯಲ್ಲಿ ಅರಿಷ್ಟದ ವಾಸನೆಯೂ ಉಳಿದಿರಲಿಲ್ಲ.

ಕೊನೆಗೆ ಸನಾದಿಯವನೆಲ್ಲಿ ಎಂದು ವಧುವಿನ ಸೋದರಮಾವನವರೇ ಫೋನು ಮಾಡಿದರು. ಅವರು ವಕೀಲರು. ಶಿಫಾರಸು ಮಾಡಲಿಲ್ಲ, ಹೊಸ ಕೊಳವೆ ಹಾಕಿ ಇನ್ನೊಮ್ಮೆ ಊದಿಸಲು ಹೇಳು, ಒಪ್ಪದಿದ್ದರೆ ರಕ್ತ ಪರೀಕ್ಷೆ ಮಾಡಿಸಿ ಎನ್ನು, ಜಗಳ ಬೇಡ, ಕೇಳುವುದು ನಿನ್ನ ಹಕ್ಕು ಎಂದರು. ಯಮನಪ್ಪ ಅಳುಕುತ್ತಲೇ ಕೇಳಿದ. ಹಂಚಿನಾಳ ಕಿಸೆಯಿಂದ ಹೊಸ ಕೊಳವೆ ತೆಗೆದ, ಕುಡಿಯುವ ನೀರೂ ಕೊಟ್ಟ, ಎದೆಯಿಂದ ಊದಲು ಹೇಳಿದ.

ನಾನು ಸೊನ್ನೆ ಅಂದೆ. ನನ್ನ ಆಯುಷ್ಯದಲ್ಲಿ ಅಷ್ಟು ಖುಷಿಯಿಂದ ಯಾವ ಅಂಕಿಯನ್ನೂ ಹೇಳಿಲ್ಲ.

ಅಷ್ಟರಲ್ಲಿ ಕಲ್ಯಾಣ ಮಂಟಪದ ಕಡೆಯಿಂದ ಮೈಕು ಕೂಗಿತು. ಅಕ್ಕಿಕಾಳು ಬಿದ್ದಿತ್ತು. ಯಾರದೋ ಮೊಬೈಲಿನ ಸನಾದಿ ಆ ಮೈಕಿನಲ್ಲಿ ಗೊರಗೊರ ಎನ್ನುತ್ತಿತ್ತು. ಯಮನಪ್ಪ ಮಾಲೆಯನ್ನು ಕಣ್ಣಿಗೊತ್ತಿಕೊಂಡು ಹಾಕಿಕೊಂಡ. ಕೀಲಿ ಕೊಟ್ಟರೂ ತಟ್ಟನೆ ಹೊರಡಲಿಲ್ಲ.

“ಸಾಹೇಬ್ರ, ಮತ್ತ ಊದಾಕ ಬರ್ತೈತಿ ಅಂತ ಮುಂಜಾನೆನ ಯಾಕ ಹೇಳಲಿಲ್ರಿ?”

“ನೀವು ಕೇಳಲಿಲ್ಲ.”

“ಗೊತ್ತಿದ್ದಾಂವ ನೀವು, ಗೊತ್ತಿಲ್ಲದಾಂವ ನಾನು. ಕೇಳೂದು ನಂದ ಏನ್ರಿ?”

ಹಂಚಿನಾಳ ನನ್ನನ್ನು ಅಂಗಿಯ ತುದಿಯಿಂದ ಸುಮ್ಮನೆ ಒರೆಸುತ್ತ ನಿಂತ. ಅವತ್ತಿನಿಂದ ಹೊಸ ಕೊಳವೆ ಹಾಕತೊಡಗಿದ ಎಂಬುದನ್ನೂ ಹೇಳಿಬಿಡುತ್ತೇನೆ.

ಈಗ ನನ್ನ ಮೂಗು ಸತ್ತಿದೆ. ಠಾಣೆಯ ಕಪಾಟಿನಲ್ಲಿ ಹಳೇ ಟಾರ್ಚುಗಳ ಪಕ್ಕ ಬಿದ್ದಿದ್ದೇನೆ. ಹೊರಗೆ ಯಾರನ್ನೋ ಹಿಡಿದು ತಂದ ಸದ್ದಾಗುತ್ತದೆ. ಕಿವಿಗೊಟ್ಟು ಕಾಯುತ್ತೇನೆ, ಇವನಾದರೂ ತನಗೇನು ಸಲ್ಲಬೇಕೆಂದು ಕೇಳಿಯಾನೇ, ಇಲ್ಲವೇ ಅವರಾದರೂ ತಾವಾಗಿ ಹೇಳಿಯಾರೇ ಎಂದು.

“ನಾನ್ಯಾರು ಗೊತ್ತೈತೇನು?” ಅನ್ನುತ್ತಾನೆ ಅವನು.