ಮೂರು ಬೆಸ ಸಂಖ್ಯೆಗಳು

ಹಾರ ಹಾಕಿ ಮಲಗಿಸಿದ್ದ ಅಪ್ಪನ ಅಂಗಿಯ ಕಾಲರನ್ನು ಮಗಳು ಸರಿಮಾಡುತ್ತಿದ್ದಾಗ ವಿಜ್ಞಾನದ ಮೇಷ್ಟ್ರು ಮೊಬೈಲು ಹಿಡಿದುಕೊಂಡು ಪಕ್ಕಕ್ಕೆ ಬಂದರು. ಹೇಳಲೋ ಬೇಡವೋ ಎಂಬ ಮುಖ.

"ನಿನ್ನೆ ಪಾಠಕ್ಕೆ ಮುಂಚೆ ಹಲಗೆ ಮೇಲೆ ಬರೆದಿದ್ದರಮ್ಮ. ಒರೆಸೋಕೆ ಯಾರಿಗೂ ಮನಸ್ಸು ಬರಲಿಲ್ಲ."

ಫೋಟೋದಲ್ಲಿ ಅಪ್ಪನ ದುಂಡು ಅಕ್ಷರ: ಮೂರು ಬೆಸ ಸಂಖ್ಯೆ ಕೂಡಿಸಿ, ಇಪ್ಪತ್ತು ಬರಬೇಕು.

ಮಕ್ಕಳ ತಲೆ ಚುರುಕಾಗಲಿ ಎಂದು ಗಣಿತದ ಮೇಷ್ಟ್ರಾಗಿದ್ದ ಅಪ್ಪ ಪಾಠಕ್ಕೆ ಮೊದಲು ದಿನಾ ಇಂಥದೊಂದು ಒಗಟು ಬರೆಯುತ್ತಿದ್ದರು. ಸಾವಿನ ಮನೆ ಎಂಬುದನ್ನೂ ಮರೆತು ಜನ ಮೊಬೈಲಿಗೆ ಮುಗಿಬಿದ್ದರು. ಸೋದರತ್ತೆ ಬೆರಳು ಮಡಚಿದರು. ಪಕ್ಕದ ಮನೆಯ ದರ್ಜಿ, "ಒಂಬತ್ತು, ಏಳು, ಮೂರು... ಒಂದು ಕಮ್ಮಿ ಬಿತ್ತಲ್ಲ" ಎಂದು ಗೊಣಗಿದ. ಅಳಲೆಂದೇ ಬಂದವರೂ ಲೆಕ್ಕಕ್ಕೆ ಬಿದ್ದರು. ಮಲಗಿದ್ದವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ.

"ಬರೋದೇ ಇಲ್ಲ," ವಿಜ್ಞಾನದ ಮೇಷ್ಟ್ರು ದನಿ ತಗ್ಗಿಸಿದರು. "ಮೂರು ಬೆಸ ಕೂಡಿದರೆ ಬೆಸಾನೇ. ಇಪ್ಪತ್ತು ಸಮ. ಪಾಪ, ಕೊನೆಗೆ ತಪ್ಪಿಬಿಟ್ಟಿದ್ದಾರೆ."

ಮಗಳು ಮೊಬೈಲು ಕೈಗೆ ತೆಗೆದುಕೊಂಡು ಮತ್ತೊಮ್ಮೆ ಓದಿದಳು.

*

ಹೋದ ತಿಂಗಳು ಅಪ್ಪ ಹಾಲಿನ ಪಾತ್ರೆಯನ್ನು ಒಲೆಯ ಮೇಲೆ ಮರೆತು ಸೀಯಿಸಿದ್ದರು.

"ಮರೆವು ಜಾಸ್ತಿ ಆಗಿದೆಯಪ್ಪ. ಸ್ಕೂಲು ಸಾಕು ಮಾಡು."

"ಒಲೆ ಮರೀತೀನಿ ಕಣೇ, ಲೆಕ್ಕ ಮರೆಯಲ್ಲ. ತಪ್ಪು ಲೆಕ್ಕ ಕೊಟ್ಟ ದಿನ ನಾನೇ ಬಿಟ್ಟುಬಿಡ್ತೀನಿ."

ಅವಳು ನಂಬಿ ಸುಮ್ಮನಾಗಿದ್ದಳು. ಹಾಗಾದರೆ ಅಪ್ಪನಿಗೆ ತಲೆ ಕೈಕೊಡುತ್ತಿತ್ತು, ನಾನು ಒಬ್ಬರನ್ನೇ ಸ್ಕೂಲಿಗೆ ಕಳಿಸುತ್ತಿದ್ದೆ. ಈ ಯೋಚನೆ ಅವಳನ್ನು ಹಿಂಡಿಹಾಕಿತು.

*

ಅಷ್ಟರಲ್ಲಿ ಅಪ್ಪನ ತರಗತಿಯ ಮಕ್ಕಳು ಬಂದರು. ಫೋಟೋದ ಸುತ್ತಲಿನ ಗುಸುಗುಸು ಕೇಳಿ, ಕನ್ನಡಕದ ಹುಡುಗಿಯೊಬ್ಬಳಿಗೆ ತಡೆಯಲಾಗಲಿಲ್ಲ.

"ತಪ್ಪಲ್ಲ ಅಕ್ಕಾ. ಆಗಾಗ ಉತ್ತರ ಇಲ್ಲದ್ದೂ ಕೊಡ್ತಿದ್ರು. ಆಗೋದೇ ಇಲ್ಲ ಅಂತ ಹೇಳೋಕೂ ಧೈರ್ಯ ಬೇಕು ಅಂತಿದ್ರು."

"ಪಕ್ಕದ ಕ್ಲಾಸಲ್ಲೇ ಇದ್ದೀನಿ, ನಂಗೆ ಗೊತ್ತೇ ಇಲ್ಲವಲ್ಲ," ಎಂದರು ವಿಜ್ಞಾನದ ಮೇಷ್ಟ್ರು.

"ಹೆಂಗೆ ಗೊತ್ತಾಗುತ್ತೆ ಸಾರ್? ಉತ್ತರ ಜೋರಾಗಿ ಹೇಳಂಗಿಲ್ಲ. ಅವರ ಕಿವೀಲೇ ಹೇಳಬೇಕು. ಇಲ್ಲಾಂದ್ರೆ ಉಳಿದೋರ ಮಜಾ ಹಾಳಾಗುತ್ತೆ."

ಮಗಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಪ್ಪ ಕೊನೆಯವರೆಗೂ ಅಪ್ಪನೇ ಆಗಿದ್ದರು.

"ನಿನ್ನೇದಕ್ಕೆ ಯಾರು ಉತ್ತರ ಹೇಳಿದ್ರಿ?"

"ಯಾರೂ ಇಲ್ಲ. ಇನ್ನೂ ಯೋಚನೆ ಮಾಡ್ತಾ ಇದ್ವಿ. ಅಷ್ಟರಲ್ಲಿ ಕುರ್ಚೀಲಿ ಹಂಗೇ ಒರಗಿಬಿಟ್ರು." ಹುಡುಗಿ ಕನ್ನಡಕ ತೆಗೆದು ಒರೆಸಿಕೊಂಡಳು. "ರಾತ್ರಿ ಹೊಳೀತು ನಂಗೆ."

ಮಗಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಹುಡುಗಿ ಬಗ್ಗಿ, ಬಾಯಿಗೆ ಕೈ ಅಡ್ಡ ಹಿಡಿದು, ಮಲಗಿದ್ದ ಮೇಷ್ಟ್ರ ಕಿವಿಯಲ್ಲಿ ಹೇಳಿದಳು. ಅವಳ ಹಿಂದೆ ಇನ್ನೊಬ್ಬ ಬಂದು ನಿಂತ, ಅವನ ಹಿಂದೆ ಮತ್ತೊಬ್ಬಳು. ದರ್ಜಿಯೂ ಬಂದು ನಿಂತ. ಮಗಳು ಸೆರಗಿನಿಂದ ಮುಖ ಒರೆಸಿಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.