ಮುಳ್ಳಿಲ್ಲದ ಜಾಲಿ

ಪೈಪಕ್ಕನ ಎಡ ಹೆಗಲು ಬಲಕ್ಕಿಂತ ಎರಡು ಬೆರಳು ತಗ್ಗು. ಹದಿನಾರು ವರ್ಷ ನೀರಿನ ಪೈಪು ಹೊತ್ತ ಗುರುತು ಅದು. ಹೊಸ ಹಸಿರು ಬಡಾವಣೆಯಲ್ಲಿ ಗಿಡಗಳಿಗೆ ನೀರು ಬಿಡುವ ಹನ್ನೊಂದು ಹೆಂಗಸರಲ್ಲಿ ಅವಳೇ ಹಿರಿಯಳು.

ಬಡಾವಣೆಯ ಬಾಗಿಲಲ್ಲಿ ‘ನಲವತ್ತು ಜಾತಿಯ ಮರಗಳು’ ಎಂದು ದೊಡ್ಡ ಫಲಕ. ಕಂಟ್ರಾಕ್ಟರ್ ಮಹಾಶಯ ಲಾರಿಯಲ್ಲಿ ತಂದು ಇಳಿಸಿದ್ದು ಮಾತ್ರ ಒಂದೇ ಜಾತಿ. ಬೇಗ ಬೆಳೆಯುತ್ತದೆ, ಅಗ್ಗಕ್ಕೆ ಸಿಗುತ್ತದೆ. ಉಳಿದ ಮೂವತ್ತೊಂಬತ್ತನ್ನು ತಗಡಿನ ಚೀಟಿಯ ಮೇಲೆ ಬರೆಸಿ ಗಿಡಗಳ ಕೊರಳಿಗೆ ಕಟ್ಟಿಸಿದ.

ಎಡವಟ್ಟಾದದ್ದು ಪೈಪಕ್ಕನ ನಾದಿನಿಯಿಂದ. ಆ ಗುಂಪಿನಲ್ಲಿ ಓದು ಬರುತ್ತಿದ್ದದ್ದು ಅವಳೊಬ್ಬಳಿಗೇ. ಕೆಲಸಕ್ಕೆ ಹೊಸಬಳು, ಪಾಪ, ಶ್ರದ್ಧೆಯಿಂದ ಚೀಟಿ ಓದಿದಳು. ‘ಜಾಲಿ, ನೀರು ಕಡಿಮೆ’ ಎಂದಿದ್ದಕ್ಕೆ ಒಂದು ಚೊಂಬು. ‘ಅತ್ತಿ, ನೀರು ಧಾರಾಳ’ ಎಂದಿದ್ದಕ್ಕೆ ಗುಂಡಿ ತುಂಬ. ತಿಂಗಳೊಳಗೆ ಒಂದಷ್ಟು ಒಣಗಿ ಸತ್ತವು, ಒಂದಷ್ಟು ಕೊಳೆತು ಸತ್ತವು.

“ನೀನೇ ಸಾಯಿಸಿದ್ದು. ನಾಳೆಯಿಂದ ಬರಬೇಡ,” ಎಂದ ಕಂಟ್ರಾಕ್ಟರ್.

ಆ ಕೆಲಸ ಹೋದರೆ ಅವಳ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಮರುದಿನ ಬೆಳಿಗ್ಗೆ ಗಿಡಗಳನ್ನು ತಪಾಸಣೆ ಮಾಡಿ ಕಂಟ್ರಾಕ್ಟರನ ಬಿಲ್ಲಿಗೆ ಸಹಿ ಹಾಕುವ ಸಾಹೇಬರು ಬಂದಾಗ ಪೈಪಕ್ಕ ನಾದಿನಿಯ ಕೈ ಹಿಡಿದು ದಾರಿಗೆ ಅಡ್ಡ ನಿಂತಳು.

“ಸ್ವಾಮಿ, ಚೀಟೀಲಿ ಬರೆದ ಹಾಗೇ ಇವಳು ನೀರು ಬಿಟ್ಟಿದ್ದಾಳೆ. ತಪ್ಪು ಇವಳ್ದಾ, ಚೀಟೀದಾ?”

“ಚೀಟಿ ಸರಿಯಾಗೇ ಇದೆ!” ಕಂಟ್ರಾಕ್ಟರ್ ಗದರಿದ.

ಪೈಪಕ್ಕ ಪಕ್ಕದ ಗಿಡದ ಚೀಟಿ ಎತ್ತಿ ತೋರಿಸಿದಳು. “ಹಂಗಾದ್ರೆ ಇದು ಜಾಲಿ. ಸಾಹೇಬ್ರೇ, ಒಂಚೂರು ಕೈಯಾಡಿಸಿ. ಮುಳ್ಳು ಚುಚ್ಚುತ್ತಾ ನೋಡೋಣ.”

ಸಾಹೇಬರು ಕೊಂಬೆ ಸವರಿದರು. ನುಣ್ಣಗಿತ್ತು. ಒಮ್ಮೆ ಕಂಟ್ರಾಕ್ಟರನ ಮುಖ ನೋಡಿ, “ಮುಳ್ಳಿಲ್ಲದ ಜಾಲೀನೂ ಇರುತ್ತಮ್ಮ,” ಎನ್ನುತ್ತ ಸಹಿ ಹಾಕಲು ಪೆನ್ನು ತೆಗೆದರು. ನಾಚಿಕೆ ಎನ್ನುವುದು ಸಾಹೇಬರ ಮುಖದ ಹತ್ತಿರವೂ ಸುಳಿಯಲಿಲ್ಲ.

“ಇರುತ್ತೆ ಸ್ವಾಮಿ, ಯಾಕಿರಲ್ಲ?” ಹಿಂದಿನಿಂದ ಒಬ್ಬಳು ಕೂಗಿದಳು. “ಬಾಲ ಇಲ್ಲದ ಕೋತಿನೂ ಇರುತ್ತೆ. ಇಲ್ಲೇ ಎರಡು ನಿಂತಿವೆ!”

ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಪೈಪಕ್ಕ ನಗಲಿಲ್ಲ. ಹೋಗಿ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು.

“ಯಾವ ಗಿಡ ಯಾವ್ದು ಅಂತ ನೀವೇ ಬರೆದು ಸೈನ್ ಹಾಕ್ಕೊಡಿ. ಅಲ್ಲೀವರೆಗೂ ಒಂದು ಹನಿ ನೀರೂ ಬಿಡಲ್ಲ. ನಾಳೆ ಸತ್ತಿದ್ದನ್ನೆಲ್ಲ ನಮ್ಮ ತಲೇಗೆ ಕಟ್ಟೋದು ಬೇಡ.”

ಪೈಪುಗಳೆಲ್ಲ ನೆಲಕ್ಕೆ ಬಿದ್ದವು. ಸಾಹೇಬರು ಕಾರಿನತ್ತ ಹೊರಟರೆ, ಹೆಂಗಸರು ಕಾರಿನ ಸುತ್ತಲೇ ಕೂತುಬಿಟ್ಟರು. ಬಿಸಿಲೇರಿತು. ಮಹಡಿಗಳಿಂದ ಜನ ಇಣುಕತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಜಾಲಿ, ಅತ್ತಿ, ಹೊಂಗೆ ಎಲ್ಲವೂ ಒಂದೇ ಸಲ, ಒಂದೇ ಥರ ಎಲೆ ಜೋಲು ಹಾಕಿದವು.

“ಬರೆಯೋದು ಸುಲಭ ಆಯ್ತಲ್ಲ ಸ್ವಾಮಿ,” ಎಂದಳು ಪೈಪಕ್ಕ. “ಒಂದೇ ಹೆಸರು ಬರೀರಿ, ಸಾಕು.”