ಮುಚ್ಚದೆ ಕೊಟ್ಟ ಡಿಸ್ಕುಗಳು

ಸ್ಕ್ಯಾನ್ ಸೆಂಟರಿನಲ್ಲಿ ನನ್ನನ್ನು ಎಲ್ಲರೂ ಎಕ್ಸ್‌ಪ್ರೆಸ್ ಅನ್ನುತ್ತಾರೆ. ಅದು ಹೊಗಳಿಕೆಯೋ ಕುಚೋದ್ಯವೋ, ನಾನು ವಿಚಾರಿಸಲು ಹೋಗಿಲ್ಲ. ಸ್ಕ್ಯಾನ್ ಆದವರ ಚಿತ್ರಗಳನ್ನು ಡಿಸ್ಕಿಗೆ ಬರೆದು, ಕವರಿಗೆ ಹಾಕಿ, ಹೆಸರು ಕೂಗಿ ಕೊಡುವುದು ಹದಿನಾಲ್ಕು ವರ್ಷದಿಂದ ನನ್ನ ಕೆಲಸ. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ತಂಗಿ ಹೇಳುತ್ತಾಳೆ. "ನಮ್ಮದಾಯ್ತಾ, ನಮ್ಮದಾಯ್ತಾ" ಎಂದು ಬೆಳಗ್ಗೆಯಿಂದ ಗಾಜು ತಟ್ಟುವವರ ಮುಂದೆ ಅವಳೂ ಒಂದು ವಾರ ಕೂತು ನೋಡಲಿ.

ಮೂರು ವರ್ಷದ ಹಿಂದೆ ಹೀಗೇ ಗಾಜು ತಟ್ಟಿಸಿಕೊಂಡು ತಲೆಕೆಟ್ಟ ಒಂದು ದಿನ, ಡಿಸ್ಕ್ ಬರೆಯುವ ಸಾಫ್ಟ್‌ವೇರಿನ ಸೆಟ್ಟಿಂಗ್ಸ್ ತೆರೆದೆ. ಒಂದೊಂದು ಡಿಸ್ಕಿಗೂ ಏಳು ನಿಮಿಷ ಹಿಡಿಯುತ್ತಿತ್ತು. ಎಲ್ಲಿ ಸಮಯ ಸೋರುತ್ತಿದೆ ಎಂದು ಹುಡುಕಿದರೆ ಎರಡು ಟಿಕ್ ಗುರುತು ಕಂಡವು. ಬರೆದ ಮೇಲೆ ಸರಿಯಾಗಿದೆಯೇ ಎಂದು ಮತ್ತೊಮ್ಮೆ ಓದಿ ನೋಡುವುದು ಒಂದು, ಕೊನೆಗೆ ಡಿಸ್ಕನ್ನು ಮುಚ್ಚುವುದು ಇನ್ನೊಂದು. ಮುಚ್ಚದಿದ್ದರೆ ಮುಂದೆ ಇನ್ನಷ್ಟು ಸೇರಿಸಬಹುದು ಎಂದು ಪಕ್ಕದಲ್ಲೇ ಬರೆದಿತ್ತು. ಒಳ್ಳೆಯದೇ ಆಯಿತಲ್ಲ ಅಂದುಕೊಂಡು ಎರಡೂ ಟಿಕ್ ತೆಗೆದೆ, ಯಾವಾಗಲೂ ಇದೇ ಇರಲಿ ಅನ್ನುವ ಬಟನ್ ಒತ್ತಿದೆ. ಏಳು ನಿಮಿಷ ನಾಲ್ಕಕ್ಕೆ ಇಳಿಯಿತು. ಒಂದು ಡಿಸ್ಕನ್ನು ನನ್ನ ಕಂಪ್ಯೂಟರಿನಲ್ಲೇ ಹಾಕಿ ನೋಡಿದೆ. ಚಿತ್ರಗಳೆಲ್ಲ ಚೆನ್ನಾಗಿ ತೆರೆದುಕೊಂಡವು.

ನಮ್ಮ ಡಾಕ್ಟರು, ಅಂದರೆ ಸೆಂಟರಿನ ಯಜಮಾನರು, ಎಲ್ಲರೆದುರು ನನ್ನನ್ನು ಹೊಗಳಿದರು. ನಾನು ಉಬ್ಬಿಹೋದೆ.

ಆಗೊಮ್ಮೆ ಈಗೊಮ್ಮೆ ಯಾರಾದರೂ ಬಂದು ಡಿಸ್ಕ್ ತೆರೆಯುತ್ತಿಲ್ಲ ಅನ್ನುತ್ತಿದ್ದರು. ಅಂಥವರು ಕಡಿಮೆ. ಇಲ್ಲಿನ ವೈದ್ಯರೆಲ್ಲ ವರದಿಯ ಕಾಗದ ಓದಿ ಮುಗಿಸುತ್ತಾರೆ, ಡಿಸ್ಕಿನ ಕವರನ್ನೂ ತೆಗೆಯುವುದಿಲ್ಲ. ದೂರು ತಂದವರ ಡಿಸ್ಕನ್ನು ನನ್ನ ಕಂಪ್ಯೂಟರಿಗೆ ಹಾಕಿ ತೋರಿಸುತ್ತಿದ್ದೆ. ಕಣ್ಣೆದುರೇ ಚಿತ್ರ ಇರುವಾಗ ಅವರು ಏನು ಹೇಳಿಯಾರು? ಕವರಿನ ಮೇಲೆ "ಪರೀಕ್ಷಿಸಿದೆ, ಸರಿ ಇದೆ" ಎಂದು ಬರೆದು, ಸಹಿ ಹಾಕಿ ವಾಪಸ್ ಕಳಿಸುತ್ತಿದ್ದೆ.

ಒಬ್ಬ ದರ್ಜಿ ಮಾತ್ರ ಎರಡು ಸಲ ಬಂದರು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಅವರ ಹೆಂಡತಿಯ ಡಿಸ್ಕ್ ಅದು. ದೊಡ್ಡಾಸ್ಪತ್ರೆಯಲ್ಲಿ ಖಾಲಿ ಅನ್ನುತ್ತಾರಂತೆ. ಎರಡನೇ ಸಲ ನನಗೆ ರೇಗಿತು.

"ನೋಡಿ, ಇದೇನು? ಚಿತ್ರ ತಾನೆ? ಅವರ ಕಂಪ್ಯೂಟರ್ ಕೆಟ್ಟಿದ್ರೆ ನಾನೇನ್ ಮಾಡ್ಲಿ?" ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಾಡಿದೆ.

ಅವರು ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. "ಇಲ್ಲಿ ಕಾಣ್ತದೆ ತಾಯಿ. ಅಲ್ಲಿ ಕಾಣಲ್ಲ" ಅಂದರು. ನಾನು ಮುಂದಿನವರ ಹೆಸರು ಕೂಗಿದೆ.

ಇದಾಗಿ ಒಂದು ವರ್ಷಕ್ಕೆ ಹತ್ತಿರ. ಹೋದ ಸೋಮವಾರ ತಂಗಿಯ ಫೋನು ಬಂತು.

ಅವಳ ಶ್ವಾಸಕೋಶದಲ್ಲಿ ಒಂದು ಸಣ್ಣ ಗಂಟಿದೆ. ಎರಡು ವರ್ಷದ ಹಿಂದೆ ನಮ್ಮಲ್ಲೇ ಸ್ಕ್ಯಾನ್ ಮಾಡಿದಾಗ ಕಂಡಿತ್ತು. ಏನೂ ಆಗಲ್ಲ, ಮುಂದೆ ನೋಡೋಣ ಎಂದಿದ್ದರು. ಈಗ ಕೆಮ್ಮು ಹೆಚ್ಚಾಗಿ, ಎಂಟು ಗಂಟೆಯ ದಾರಿಯ ದೊಡ್ಡಾಸ್ಪತ್ರೆಗೆ ಹೋಗಿ ಹೊಸ ಸ್ಕ್ಯಾನ್ ಮಾಡಿಸಿದ್ದಳು. ಅಲ್ಲಿಯ ಸರ್ಜನ್ ಹೇಳಿದ್ದು ಇಷ್ಟೇ. ಹಳೆಯ ಸ್ಕ್ಯಾನಿಗೂ ಹೊಸದಕ್ಕೂ ನಡುವೆ ಗಂಟು ಬೆಳೆದಿದ್ದರೆ ಶ್ವಾಸಕೋಶದ ಆ ಭಾಗವನ್ನೇ ಕೊಯ್ದು ತೆಗೆಯಬೇಕು. ಬೆಳೆಯದಿದ್ದರೆ ಮುಟ್ಟಬಾರದು. ವರದಿಯಲ್ಲಿ ಬರೆದ ಅಂಕಿ ಅವರಿಗೆ ಸಾಲದು, ಚಿತ್ರದ ಪಕ್ಕ ಚಿತ್ರ ಇಟ್ಟೇ ನೋಡಬೇಕು.

"ಅಕ್ಕ, ನೀನು ಕೊಟ್ಟ ಡಿಸ್ಕ್ ಖಾಲಿ ಅಂತಿದಾರೆ."

"ಖಾಲಿ ಹೇಗಿರುತ್ತೆ? ನಾನೇ ಕೈಯಾರೆ ಬರೆದದ್ದು. ಅವರಿಗೆ ನೋಡೋಕೆ ಬರಲ್ಲ ಅಷ್ಟೆ. ಬೇರೆ ಕಂಪ್ಯೂಟರಲ್ಲಿ ಹಾಕಿ ಅನ್ನು."

"ನಾಲ್ಕರಲ್ಲಿ ಹಾಕಿದ್ರು." ಅವಳ ದನಿ ಸಣ್ಣಗಾಗಿತ್ತು. "ಬೈಯೋದಿದ್ರೆ ಆಮೇಲೆ ಬೈ. ಹಳೇದು ಸಿಗದಿದ್ರೆ ಸುಮ್ನೆ ಕಾಯೋಕಾಗಲ್ಲ, ಗುರುವಾರ ತೆಗೆದುಬಿಡ್ತೀವಿ ಅಂತಾರೆ. ನಂಗೆ ಹೆದರಿಕೆ ಆಗ್ತಿದೆ ಅಕ್ಕ."

ನಮ್ಮ ಕಂಪ್ಯೂಟರಿನಲ್ಲಿ ಒಂದು ವರ್ಷ ದಾಟಿದ ಚಿತ್ರಗಳು ಅಳಿಸಿಹೋಗುತ್ತವೆ. ಇದ್ದದ್ದು ಅದೊಂದೇ ಪ್ರತಿ. ಡಿಸ್ಕ್ ಕೊಟ್ಟು ಗಂಡನನ್ನು ಕಳಿಸು ಅಂದೆ. ಮಂಗಳವಾರ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ, ಬಸ್ಸಿನಲ್ಲಿ ನಿದ್ದೆಗೆಟ್ಟು ಕಣ್ಣು ಕೆಂಪಾಗಿ, ಅವನು ಮೆಟ್ಟಿಲ ಮೇಲೆ ಕೂತಿದ್ದ.

ಡಿಸ್ಕನ್ನು ಹಾಕಿದೆ. ನಾನೂರು ಚಿತ್ರಗಳೂ ತೆರೆದುಕೊಂಡವು. "ನೋಡು, ಇದೆಯಲ್ಲ" ಅನ್ನಲು ಬಾಯಿ ತೆರೆದವಳು ಅಲ್ಲೇ ನಿಂತೆ. ಇಲ್ಲಿ ಕಾಣ್ತದೆ ತಾಯಿ, ಅಲ್ಲಿ ಕಾಣಲ್ಲ.

ಡಿಸ್ಕ್ ಹಿಡಿದು ಪಕ್ಕದ ಜೆರಾಕ್ಸ್ ಅಂಗಡಿಗೆ ಓಡಿದೆ. ಅಂಗಡಿಯವನು ತನ್ನ ಕಂಪ್ಯೂಟರಿಗೆ ಹಾಕಿ, ಎರಡು ಸಲ ತೆಗೆದು ಹಾಕಿ, "ಮೇಡಂ, ಇದರಲ್ಲಿ ಏನೂ ಇಲ್ಲ" ಅಂದ.

ವಾಪಸ್ ಬಂದು ಸೆಟ್ಟಿಂಗ್ಸ್ ತೆರೆದೆ. ನಾನು ಖಾಲಿ ಮಾಡಿದ ಎರಡು ಚೌಕಗಳು ಹಾಗೇ ಇದ್ದವು. ಡಿಸ್ಕನ್ನು ಮುಚ್ಚುವುದೆಂದರೆ ಪುಸ್ತಕಕ್ಕೆ ಪರಿವಿಡಿ ಬರೆದ ಹಾಗೆ. ಬರೆದ ಯಂತ್ರಕ್ಕೆ ಪರಿವಿಡಿ ಇಲ್ಲದೆಯೂ ಪುಟ ಗೊತ್ತು. ಬೇರೆ ಯಂತ್ರ ಪರಿವಿಡಿ ಹುಡುಕುತ್ತದೆ, ಸಿಗದಿದ್ದರೆ ಪುಸ್ತಕವೇ ಖಾಲಿ ಅನ್ನುತ್ತದೆ. ಮೂರು ವರ್ಷ ನಾನು ಪರೀಕ್ಷಿಸಿದ್ದೆಲ್ಲ ಬರೆದ ಯಂತ್ರದಲ್ಲೇ. ಕಳ್ಳನನ್ನೇ ಸಾಕ್ಷಿಗೆ ಕರೆದಂತಿತ್ತು ನನ್ನ ಪರೀಕ್ಷೆ.

ಮುಚ್ಚು ಎಂಬುದನ್ನು ಒತ್ತಿದೆ. ಬರೀ ಎರಡು ನಿಮಿಷ. ಜೆರಾಕ್ಸ್ ಅಂಗಡಿಯಲ್ಲಿ ಈಗ ನಾನೂರು ಚಿತ್ರಗಳೂ ಬಂದವು. ತಂಗಿಯ ಗಂಡ ಮುಖ ಕೂಡ ತೊಳೆಯದೆ ಮುಂದಿನ ಬಸ್ಸಿಗೆ ಹೋದ.

ಬುಧವಾರ ಮಧ್ಯಾಹ್ನದವರೆಗೆ ಫೋನನ್ನು ಕೈಗೆಟುಕುವಲ್ಲೇ ಇಟ್ಟುಕೊಂಡು ಕೆಲಸ ಮಾಡಿದೆ. ಎರಡು ಗಂಟೆಗೆ ತಂಗಿ ಫೋನ್ ಮಾಡಿದಳು. "ಕೂದಲೆಳೆಯಷ್ಟೂ ಬೆಳೆದಿಲ್ವಂತೆ ಅಕ್ಕ. ಮನೆಗೆ ಹೋಗಿ ಅಂದ್ರು." ನಾನು ಸ್ಟೋರ್ ರೂಮಿಗೆ ಹೋಗಿ, ಖಾಲಿ ಡಿಸ್ಕುಗಳ ಪೆಟ್ಟಿಗೆಯ ಮೇಲೆ ಕೂತು ಅತ್ತೆ. ಅಷ್ಟು ಸಂತೋಷವಾಗಿತ್ತು. ಅಳು ನಿಲ್ಲುವ ಮುಂಚೆಯೇ ಸಂತೋಷ ನಿಂತುಹೋಯಿತು. ಸರಿ ಇದೆ ಎಂದು ಸಹಿ ಹಾಕಿ ನಾನು ಎಷ್ಟು ಜನರನ್ನು ಕಳಿಸಿದ್ದೇನೆ?

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು. "ಟಿಕ್ ವಾಪಸ್ ಹಾಕು. ಡಿಸ್ಕ್ ತಂದವರಿಗೆ ಮುಚ್ಚಿಕೊಡು. ಬರದೇ ಇರೋರನ್ನ ನಾವಾಗಿ ಕರೆದು ಹೇಳೋದು ಬೇಡ. ಇಡೀ ಸೆಂಟರ್ ಹೆಸರು ಹಾಳಾಗುತ್ತೆ" ಅಂದರು. ತಲೆಯಾಡಿಸಿ ಹೊರಗೆ ಬಂದೆ. ಬಂದವಳೇ ಹಳೆಯ ರಿಜಿಸ್ಟರ್ ತೆಗೆದು ದರ್ಜಿಯ ನಂಬರು ಹುಡುಕಿದೆ. ಫೋನಿನಲ್ಲಿ ಜಾಸ್ತಿ ಹೇಳಲು ಧೈರ್ಯ ಸಾಲಲಿಲ್ಲ. ಡಿಸ್ಕ್ ಇದ್ದರೆ ತನ್ನಿ ಎಂದಷ್ಟೇ ಅಂದೆ.

ಮರುದಿನ ಬೆಳಗ್ಗೆ ಬಂದರು. ಕೊರಳಲ್ಲಿ ಅದೇ ಟೇಪು. ಕವರಿನ ಮೇಲೆ ನನ್ನದೇ ಅಕ್ಷರ, ಕೆಳಗೆ ನನ್ನದೇ ಸಹಿ. ಅದನ್ನು ಅವರು ಮಡಿಕೆ ಬೀಳದಂತೆ ಒಂದು ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿ ತಂದಿದ್ದರು.

"ತಪ್ಪು ನಂದು" ಅಂದೆ. ಸಾಲಿನಲ್ಲಿ ಆರೇಳು ಜನ ಇದ್ದರು, ಅವರಿಗೂ ಕೇಳಿಸಿತು. ಅಂದು ಬೈದದ್ದೂ ಹಾಗೆಯೇ ಕೇಳಿಸಿತ್ತಲ್ಲ. "ಅವತ್ತು ನೀವು ಹೇಳಿದ್ದೇ ಸರಿ. ಅಲ್ಲಿ ಕಾಣ್ತಿರಲಿಲ್ಲ. ನಾನೇ ಸೆಟ್ಟಿಂಗ್ ಕೆಡಿಸಿದ್ದೆ." ಡಿಸ್ಕ್ ಹಾಕಿ ಮುಚ್ಚಲು ಒತ್ತಿದೆ. ಆ ಎರಡು ನಿಮಿಷ ಕೇಳದೆ ಇರಲಾಗಲಿಲ್ಲ. "ನಿಮ್ಮ ಮನೆಯವರು ಹೇಗಿದಾರೆ?"

"ಇದಾಳೆ ತಾಯಿ. ಹಳೇದು ಸಿಗಲಿಲ್ಲ, ಕಾಯೋದು ಬೇಡ ಅಂತ ಎದೆ ಕೊಯ್ದು ಒಂದು ಕಡೆ ಶ್ವಾಸಕೋಶ ತೆಗೆದ್ರು. ತೆಗೆದ್ಮೇಲೆ ನೋಡಿದ್ರೆ ಕೆಟ್ಟದ್ದೇನೂ ಇರಲಿಲ್ಲವಂತೆ. ಹಳೇ ಗಾಯದ ಗುರುತು ಅಂದ್ರು." ಅವರು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಈಗ ಮೆಟ್ಟಿಲು ಹತ್ತೋಕಾಗಲ್ಲ. ಮೇಲಿನ ಮನೆ ಬಿಟ್ಟು ಅಂಗಡಿ ಹಿಂದಿನ ಕೋಣೆಗೇ ಬಂದ್ವಿ. ಕೂತು ಗುಂಡಿ ಹೊಲೀತಾಳೆ."

ಯಂತ್ರ ಡಿಸ್ಕನ್ನು ಹೊರಗೆ ತಳ್ಳಿತು. ಬೇರೆ ಕವರಿಗೆ ಹಾಕಿ ಕೊಟ್ಟೆ. ಮೇಲೆ ಏನೂ ಬರೆಯಲಿಲ್ಲ.

"ಇನ್ನು ಎಲ್ಲಿ ಹಾಕಿದ್ರೂ ಕಾಣ್ತದಾ?" ಎಂದು ಕೇಳಿದರು.

"ಎಲ್ಲಿ ಹಾಕಿದ್ರೂ ಕಾಣುತ್ತೆ."

ಅವರು ಕವರನ್ನು ತಿರುಗಿಸಿ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಯಾರಿಗೆ ತೋರಿಸಲಿ ತಾಯಿ?"

ಅವರು ಬಾಗಿಲು ದಾಟುವವರೆಗೂ ನಾನು ಯಾರ ಹೆಸರನ್ನೂ ಕೂಗಲಿಲ್ಲ, ಸಾಲಿನವರೂ ಗಾಜು ತಟ್ಟಲಿಲ್ಲ. ಆಮೇಲೆ ರಿಜಿಸ್ಟರಿನ ಮುಂದಿನ ಪುಟ ತೆಗೆದು ಫೋನ್ ಕೈಗೆತ್ತಿಕೊಂಡೆ.